ಗಾಲಿಮನೆಯಲ್ಲಿ ಮಿಸಿಸಿಪಿ ಯಾತ್ರೆ

ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ, ಪಾತ್ರೆ ಪಡಗ, ಅಕ್ಕಿ ಬೇಳೆ ತುಂಬಿಕೊಂಡು ಜಾತ್ರೆಗೆ ಹೋಗಿ, ಹೊಳೆಯ ದಂಡೆಯಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡಿ, ರಾತ್ರಿ ಗಾಡಿಯ ಕೆಳಗೇ ಮಲಗುವ ರೂಢಿ ನಮ್ಮ ನಾಡಿನಲ್ಲಿ ಹಿಂದೆ ಇತ್ತು. ಅಮೆರಿಕದವರು ಕ್ಯಾಂಪರ್ ವ್ಯಾನ್ ಎಂದು ಕರೆಯುವ ವಾಹನವನ್ನು ಅರ್ಥ ಮಾಡಿಕೊಳ್ಳಲು ಆ ಗಾಡಿಯನ್ನು ನೆನೆದರೆ ಸಾಕು. ಎತ್ತಿನ ಬದಲು ಇಂಜಿನ್ನು, ಕಮಾನಿನ ಬದಲು ತಗಡಿನ ಮಾಡು. ಒಳಗೆ ಹಗಲು ಬೆಂಚಾಗಿ ರಾತ್ರಿ ಹಾಸಿಗೆಯಾಗುವ ಹಲಗೆ, ಒಂದು ಗ್ಯಾಸಿನ ಒಲೆ, ನೀರಿನ ತೊಟ್ಟಿ, ಬಟ್ಟೆ ಇಡಲು ಗೂಡು. ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನನ್ನು 1951ರಿಂದ ವೆಸ್ಟ್‌ಫಾಲಿಯಾ ಎಂಬ ಕಾರ್ಖಾನೆಯವರು ಹೀಗೆ ಮನೆಯಾಗಿ ಅಳವಡಿಸತೊಡಗಿದ ಮೇಲೆ ಇದು ಜನಪ್ರಿಯವಾಯಿತು.

ಗಾಡಿ ಇದ್ದರೆ ಸಾಲದು, ಅದನ್ನು ಬಿಡಲು ಜಾಗ ಬೇಕು. ಆ ಜಾಗವೇ ಅಲ್ಲಿನ ರಾಜ್ಯ ಉದ್ಯಾನ. ಉದ್ಯಾನವೆಂದೊಡನೆ ವಾಚಕರು ಲಾಲ್‌ಬಾಗನ್ನು ಕಲ್ಪಿಸಿಕೊಳ್ಳಬಾರದು. ಇವು ಹೂವಿನ ತೋಟಗಳಲ್ಲ. ರಾಜ್ಯ ಸರ್ಕಾರ ಸಾರ್ವಜನಿಕರಿಗಾಗಿ ಕಾದಿಟ್ಟಿರುವ ಕಾಡು, ಬೆಟ್ಟ ಮತ್ತು ನದೀತೀರಗಳು. ಇಂಥ ಅನೇಕ ಉದ್ಯಾನಗಳು ಮಿಸಿಸಿಪಿ ನದಿಯ ಉದ್ದಕ್ಕೂ ಇವೆ. ನದಿಯನ್ನು ಅನುಸರಿಸುವ ‘ಮಹಾನದಿ ಮಾರ್ಗ’ದ ಯೋಜನೆ 1938ರಲ್ಲಿ ಆರಂಭವಾಯಿತು. ಅದು ಹತ್ತು ರಾಜ್ಯಗಳನ್ನು ಹಾದು ಹೋಗುತ್ತದೆ. ಹಸಿರು ಹಲಗೆಯ ಮೇಲೆ ಹಡಗಿನ ಚುಕ್ಕಾಣಿ ಚಕ್ರದ ಗುರುತು ಕಂಡರೆ ದಾರಿ ತಪ್ಪಿಲ್ಲವೆಂದು ತಿಳಿಯಬಹುದು. ಆ ದಾರಿಯಲ್ಲಿನ ಕೆಲವು ಬೀಡುಗಳನ್ನು ಉತ್ತರದಿಂದ ದಕ್ಷಿಣಕ್ಕೆ ಇಲ್ಲಿ ಪರಿಚಯಿಸುತ್ತೇವೆ.

ಮೊದಲನೆಯದು ಮಿನೆಸೋಟ ರಾಜ್ಯದ ಇಟಾಸ್ಕ. ಇದೇ ನದಿಯ ಉಗಮ. ಸುಮಾರು 2,300 ಮೈಲಿ ಹರಿದು ಮೆಕ್ಸಿಕೋ ಕೊಲ್ಲಿಯನ್ನು ಸೇರುವ ಈ ಮಹಾನದಿ ಇಲ್ಲಿ ಸರೋವರದಿಂದ ಹೊರಬೀಳುವಾಗ ಮೊಣಕಾಲುದ್ದದ ತೊರೆ. ಸಾಲುಗಲ್ಲುಗಳ ಮೇಲೆ ಹೆಜ್ಜೆಯಿಟ್ಟು ಮಕ್ಕಳೂ ದಾಟುತ್ತಾರೆ. 1832ರಲ್ಲಿ ಓಜಿಬ್ವೆ ಜನಾಂಗದ ಓಜಾವಿಂಡಿಬ್ ಎಂಬ ಮುಖಂಡನು ಸ್ಕೂಲ್‌ಕ್ರಾಫ್ಟ್ ಎಂಬವನನ್ನು ಇಲ್ಲಿಗೆ ಕರೆತಂದನು. ಪುಸ್ತಕಗಳಲ್ಲಿ ಬಹುಕಾಲ ಉಳಿದದ್ದು ಕರೆತಂದವನ ಹೆಸರಲ್ಲ, ಬಂದವನ ಹೆಸರು.

1891ರಲ್ಲಿ ಈ ಕಾಡನ್ನು ಉದ್ಯಾನವೆಂದು ಸಾರಿದರೂ ಮರದ ವ್ಯಾಪಾರಿಗಳ ಕೊಡಲಿ ನಿಲ್ಲಲಿಲ್ಲ. ದಿಮ್ಮಿಗಳನ್ನು ತೇಲಿಸಲು ಅವರು ಕಟ್ಟೆಯ ಬಾಗಿಲು ಮುಚ್ಚಿ ನೀರು ಏರಿಸುತ್ತಿದ್ದರು. ದಡದ ಮರಗಳು ಮುಳುಗುತ್ತಿದ್ದವು. 1903ರಲ್ಲಿ ತಂದೆಯ ಮರಣಾನಂತರ ಉದ್ಯಾನದ ಅಧಿಕಾರಿಣಿಯಾದ ಮೇರಿ ಗಿಬ್ಸ್ ಎಂಬ 24 ವರ್ಷದ ಯುವತಿಯು ಬಂದೂಕಿನ ಬೆದರಿಕೆಗೂ ಜಗ್ಗದೆ ಬಾಗಿಲು ತೆರೆಯಬೇಕೆಂದು ಹಟ ಹಿಡಿದಳು. ಆ ಹುದ್ದೆಯಲ್ಲಿ ಆಕೆ ಇದ್ದುದು ಕೆಲವೇ ತಿಂಗಳು. ಇಂದು ಉಗಮದ ಬಳಿಯ ಯಾತ್ರಿಕರ ಕೇಂದ್ರಕ್ಕೆ ಆಕೆಯ ಹೆಸರನ್ನೇ ಇಟ್ಟಿದ್ದಾರೆ.

ದಕ್ಷಿಣಕ್ಕೆ ಇಳಿದಂತೆ ನದಿ ಅಗಲವಾಗುತ್ತದೆ. ವಿಸ್ಕಾನ್ಸಿನ್ ರಾಜ್ಯದ ವಯಲೂಸಿಂಗ್ ಉದ್ಯಾನವು ವಿಸ್ಕಾನ್ಸಿನ್ ನದಿ ಮಿಸಿಸಿಪಿಯನ್ನು ಕೂಡುವ ಸಂಗಮದ ಮೇಲಿದೆ. ಗುಡ್ಡದ ಅಂಚು ನೀರಿನಿಂದ ಸುಮಾರು 500 ಅಡಿ ಎತ್ತರ. 1673ರ ಜೂನ್ 17ರಂದು ಮಾರ್ಕೆಟ್ ಮತ್ತು ಜೋಲಿಯೆ ಎಂಬ ಫ್ರೆಂಚರು ಈ ಸಂಗಮದಲ್ಲೇ ಮಹಾನದಿಯನ್ನು ಮೊದಲು ಕಂಡರು. ಇಲ್ಲಿ ಒಂದು ಹಕ್ಕಿಗೂ ಸ್ಮಾರಕವುಂಟು. ಒಂದು ಕಾಲಕ್ಕೆ ಆಕಾಶ ಮುಚ್ಚುವಷ್ಟು ಗುಂಪಾಗಿ ಹಾರುತ್ತಿದ್ದ ವಲಸೆ ಪಾರಿವಾಳಗಳನ್ನು ಜನರು ಬೇಟೆಯಾಡಿ ಮುಗಿಸಿದರು; ಕೊನೆಯದು 1914ರಲ್ಲಿ ಮೃಗಾಲಯದಲ್ಲಿ ಸತ್ತಿತು. ಅದರ ನೆನಪಿನ ಕಲ್ಲನ್ನು ಈ ಉದ್ಯಾನದಲ್ಲಿ 1947ರಲ್ಲಿ ನಿಲ್ಲಿಸಿದರು.

ಇನ್ನೂ ಕೆಳಗೆ ಇಲಿನಾಯ್ ರಾಜ್ಯದಲ್ಲಿ, ಇಲಿನಾಯ್ ನದಿ ಮಿಸಿಸಿಪಿಯನ್ನು ಕೂಡುವ ಗ್ರಾಫ್ಟನ್ ಊರಿನ ಬಳಿ ಪೇರ್ ಮಾರ್ಕೆಟ್ ಉದ್ಯಾನವಿದೆ. ಅಲ್ಲಿ ಕಲ್ಲು ಮರಗಳಿಂದ ಕಟ್ಟಿದ ವಿಶಾಲವಾದ ವಿಶ್ರಾಂತಿಗೃಹವನ್ನು ನೋಡಿದವರು ಯಾವುದೋ ಸಿರಿವಂತನ ಅರಮನೆಯೆಂದು ಭಾವಿಸಬಹುದು. ಅದನ್ನು ಕಟ್ಟಿದವರು ಕೆಲಸವಿಲ್ಲದ ಬಡ ತರುಣರು.

ಈ ಸಂಗತಿಯನ್ನು ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕು. 1929ರ ಆರ್ಥಿಕ ಕುಸಿತದ ತರುವಾಯ ಅಮೆರಿಕದಲ್ಲಿ ಲಕ್ಷಾಂತರ ಮಂದಿ ಕೆಲಸ ಕಳೆದುಕೊಂಡರು. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಅರಣ್ಯ ರಕ್ಷಣೆಗಾಗಿ ತರುಣರ ಒಂದು ದಳವನ್ನು ಸ್ಥಾಪಿಸಿದರು. 1942ರವರೆಗೆ ನಡೆದ ಈ ದಳದಲ್ಲಿ ಸುಮಾರು 30 ಲಕ್ಷ ಮಂದಿ ದುಡಿದರು. ಊಟ, ಬಟ್ಟೆ, ವಸತಿ ಶಿಬಿರದ್ದು. ಸಂಬಳ ತಿಂಗಳಿಗೆ 30 ಡಾಲರು. ಅದರಲ್ಲಿ 25 ಡಾಲರು ನೇರವಾಗಿ ಊರಿನ ಮನೆಗೆ ಹೋಗುತ್ತಿತ್ತು. ಹುಡುಗನ ಕೈಗೆ ಉಳಿಯುತ್ತಿದ್ದುದು ಐದೇ ಡಾಲರು. ಸಂಬಳದ ದಿನವೇ ಊರಿಗೆ ಹಣ ಕಳುಹಿಸಿ ಉಳಿದುದರಲ್ಲಿ ತಿಂಗಳು ನೂಕುವವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಹುಡುಗರು ಕಾಡಿನಲ್ಲಿ ಕಾಲುದಾರಿ ಕಡಿದರು, ಮೆಟ್ಟಿಲು ಕಟ್ಟಿದರು, ಮರ ನೆಟ್ಟರು. ಇಟಾಸ್ಕ, ವಯಲೂಸಿಂಗ್‌ಗಳಲ್ಲೂ ಅವರ ಕೆಲಸವುಂಟು. ಈ ಯೋಜನೆಗೆ ಕಳಂಕವೂ ಇತ್ತು: ಆಫ್ರಿಕನ್ ಮೂಲದ ತರುಣರನ್ನು ಹೆಚ್ಚಾಗಿ ಬೇರೆ ಶಿಬಿರಗಳಲ್ಲಿ ಇರಿಸುತ್ತಿದ್ದರು, ಹೆಂಗಸರಿಗೆ ದಳದಲ್ಲಿ ಪ್ರವೇಶವಿರಲಿಲ್ಲ.

ಮಿಸೂರಿ ರಾಜ್ಯದ ಉದ್ಯಾನವೊಂದಕ್ಕೆ ‘ಕಣ್ಣೀರಿನ ಹಾದಿ’ ಎಂದೇ ಹೆಸರು. ಚೆರೋಕಿ ಜನಾಂಗದವರನ್ನು ಸರ್ಕಾರವು ಅವರ ನೆಲದಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಿದಾಗ, 1838–39ರ ಕಡು ಚಳಿಗಾಲದಲ್ಲಿ ಅವರ ಹದಿಮೂರು ತಂಡಗಳ ಪೈಕಿ ಒಂಬತ್ತು ತಂಡಗಳು ಇಲ್ಲಿಯೇ ಮಂಜುಗಡ್ಡೆ ತೇಲುತ್ತಿದ್ದ ನದಿಯನ್ನು ದಾಟಿದವು. ಆ ಪ್ರಯಾಣದಲ್ಲಿ ಸಾವಿರಾರು ಮಂದಿ ಸತ್ತರು. ಇಂದು ಯಾತ್ರಿಕರು ಸಂತೋಷದಿಂದ ಬೀಡು ಬಿಡುವ ದಡದಲ್ಲಿ ಅಂದು ಬೀಡು ಬಿಟ್ಟವರಿಗೆ ಹಿಂದಿರುಗಲು ಮನೆಯಿರಲಿಲ್ಲ. ಆ ನೋವನ್ನು ಮರೆಮಾಚದೆ ಹೆಸರಿನಲ್ಲೇ ಉಳಿಸಿಕೊಂಡಿರುವುದು ಮೆಚ್ಚತಕ್ಕದ್ದು.

ಇವುಗಳ ಖರ್ಚು ನಡೆಯುವುದು ಹೇಗೆ? ರೀತಿ ರಾಜ್ಯಕ್ಕೊಂದು. ಮಿನೆಸೋಟ, ವಿಸ್ಕಾನ್ಸಿನ್‌ಗಳಲ್ಲಿ ವಾಹನಕ್ಕೆ ಪರವಾನಗಿ ಚೀಟಿ ಕೊಳ್ಳಬೇಕು. ಮಿಸೂರಿಯಲ್ಲಿ ಪ್ರವೇಶ ಉಚಿತ. ಅಲ್ಲಿನ ಮತದಾರರು 1984ರಲ್ಲಿ ತಮ್ಮ ಮೇಲೆ ತಾವೇ ಒಂದು ಸಣ್ಣ ತೆರಿಗೆ ಹಾಕಿಕೊಳ್ಳಲು ಒಪ್ಪಿದರು: ಹತ್ತು ಡಾಲರಿನ ಖರೀದಿಗೆ ಒಂದು ಸೆಂಟು. ಅದರಲ್ಲಿ ಅರ್ಧ ಉದ್ಯಾನಗಳಿಗೆ, ಉಳಿದರ್ಧ ಮಣ್ಣು ನೀರುಗಳ ರಕ್ಷಣೆಗೆ. ಆ ಮೇಲೂ ಮತ ಕೇಳಿದಾಗ ಜನರು ಅದನ್ನು ಮುಂದುವರಿಸಿದ್ದಾರೆ.

ರಾತ್ರಿ ತಂಗುವುದಕ್ಕೆ ಮಾತ್ರ ಎಲ್ಲೆಡೆಯೂ ಬಾಡಿಗೆ ಉಂಟು. ಕೊಟ್ಟವರಿಗೆ ಗಾಡಿ ನಿಲ್ಲಿಸುವಷ್ಟು ಜಾಗ, ಒಂದು ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ ಸಿಗುತ್ತವೆ. ಕೆಲವೆಡೆ ವಿದ್ಯುತ್ತೂ ಇರುತ್ತದೆ. ಗಾಲಿಮನೆಯ ಬಾಡಿಗೆಯೂ ಪೆಟ್ರೋಲೂ ಅಗ್ಗವಲ್ಲ. ಆದರೆ ಸಾಮಾನ್ಯ ಕಾರಿನಲ್ಲಿ ಬಂದು ಡೇರೆ ಹೂಡಿದವನಿಗೂ ನದಿ ಅಷ್ಟೇ ಚೆನ್ನಾಗಿ ಕಾಣುತ್ತದೆ.

ನಿಯಮಗಳು ಕೆಲವು. ಪಾತ್ರೆ ತೊಳೆದ ನೀರನ್ನೂ ಮಲಿನವನ್ನೂ ಗೊತ್ತಾದ ಗುಂಡಿಯಲ್ಲೇ ಬಿಡಬೇಕು. ಸಾಮಾನ್ಯವಾಗಿ ರಾತ್ರಿ 10ರ ಮೇಲೆ ಗದ್ದಲ ಕೂಡದು. ಸೌದೆಯನ್ನು ದೂರದಿಂದ ತರಬಾರದು, ಅಲ್ಲಿಯೇ ಕೊಳ್ಳಬೇಕು. ಕಾರಣ, 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ ಹಸಿರು ಕೊರಕ ಹುಳುವು ಸೌದೆಯ ಮೂಲಕ ಊರಿಂದೂರಿಗೆ ಹರಡಿ ಕೋಟಿಗಟ್ಟಲೆ ಆ್ಯಷ್ ಮರಗಳನ್ನು ಕೊಂದಿದೆ.

ನಮ್ಮ ವಾಚಕರಲ್ಲಿ ಕೆಲವರ ಮಕ್ಕಳೂ ಬಂಧುಗಳೂ ಆ ದೇಶದಲ್ಲಿರುವರು. ಅವರನ್ನು ನೋಡಲು ಹೋಗುವವರು ದೊಡ್ಡ ಪಟ್ಟಣಗಳ ಅಂಗಡಿ ಬೀದಿಗಳಿಗಷ್ಟೇ ತೃಪ್ತರಾಗದೆ, ಮೇ ತಿಂಗಳಿಂದ ಅಕ್ಟೋಬರಿನೊಳಗೆ ಎರಡು ದಿನವಾದರೂ ಇಂಥ ದಡದಲ್ಲಿ ಬೀಡು ಬಿಡಬೇಕೆಂದು ಸೂಚಿಸುತ್ತೇವೆ. ಜಾಗವನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳಬೇಕು. ಬೇಸಿಗೆಯ ಶನಿವಾರ ಭಾನುವಾರಗಳಲ್ಲಿ ಅವು ಬೇಗ ತುಂಬುತ್ತವೆ. ಹೋಗಲಾರದವರು ಇಷ್ಟನ್ನು ತಿಳಿದರೂ ಆದೀತು: ಆ ಮೆಟ್ಟಿಲುಗಳನ್ನು ಕಟ್ಟಿದ್ದು ತಿಂಗಳಿಗೆ ಐದು ಡಾಲರು ಕೈಯಲ್ಲಿಟ್ಟುಕೊಂಡ ಹುಡುಗರು, ಅವನ್ನು ಕಾಯುತ್ತಿರುವುದು ಒಂದೊಂದು ಸೆಂಟು ಕೊಡುವ ಜನ. ನಾಲ್ಕಾಣೆ ಎಂಟಾಣೆ ಕೂಡಿಸಿ ಕಟ್ಟಿದ ವಾಚನಾಲಯಗಳಲ್ಲಿ ಕುಳಿತು ಓದಿದವರಿಗೆ ಅದರ ಬೆಲೆ ಗೊತ್ತು.