ಬರೆದವರೇ ಓದಲಾರರು, ಬೆರಳು ಓದೀತು!

ಹೀಗೂ ಉಂಟೇ? ಬಸವೇಶ್ವರನಗರದ ದಿನಸಿ ಅಂಗಡಿಯ ಯಜಮಾನರೊಬ್ಬರು ಚೀಟಿ ಬರೆಯುತ್ತಾರೆಂದು ಇಟ್ಟುಕೊಳ್ಳಿ: ಅಕ್ಕಿ, ತೊಗರಿಬೇಳೆ, ಬೆಲ್ಲ. ದುಂಡನೆಯ ಅಕ್ಷರ, ಒತ್ತಕ್ಷರವೂ ತಪ್ಪಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅದೇ ಚೀಟಿ ಅವರ ಮುಂದೆ ಹಿಡಿದರೆ ಒಂದಕ್ಷರವೂ ತಿಳಿಯದು. ಬರೆದದ್ದು ಅವರೇ!

ಇದು ಪಾರ್ಶ್ವವಾಯುವಿನ ಆಟ. ಪಾರ್ಶ್ವವಾಯುವೆಂದರೆ ಕೈಕಾಲು ಬೀಳುವುದು, ಬಾಯಿ ಸೊಟ್ಟಗಾಗುವುದು ಎಂದಷ್ಟೇ ತಿಳಿದ ನಮಗೆ ಇದು ಪವಾಡದ ಉಲ್ಟಾ. ಆದರೆ ನಿಜ. ಫ್ರಾನ್ಸಿನ ನರರೋಗ ತಜ್ಞ ದೆಜೆರಿನ್ 1892ರಲ್ಲೇ ಇಂಥ ರೋಗಿಯನ್ನು ವರ್ಣಿಸಿದ. ನಮ್ಮಲ್ಲೂ ಉಂಟು! ಕನ್ನಡ, ಇಂಗ್ಲಿಷ್ ಎರಡೂ ಬಲ್ಲವರೊಬ್ಬರಿಗೆ ಓದು ಹೋದ ಕಥೆಯನ್ನು ವಾಕ್ ಚಿಕಿತ್ಸಾತಜ್ಞೆ ಪ್ರತಿಭಾ ಕಾರಂತ 1981ರಲ್ಲಿ ‘ಕಾರ್ಟೆಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಆಗುವುದಿಷ್ಟು: ಮಿದುಳಿನ ಎಡಭಾಗದ ಹಿಂಬದಿಗೆ ರಕ್ತ ಪೂರೈಕೆ ನಿಲ್ಲುತ್ತದೆ. ಬಲಭಾಗ ಅಕ್ಷರವನ್ನು ನೋಡುತ್ತದೆ, ಆದರೆ ಅದನ್ನು ಎಡಗಡೆಯ ಭಾಷೆಯ ಮನೆಗೆ ದಾಟಿಸುವ ಸೇತುವೆ ಕಡಿದಿರುತ್ತದೆ. ಭಾಷೆ ಕೆಟ್ಟಿಲ್ಲ, ಕೈ ಕೆಟ್ಟಿಲ್ಲ. ಹೀಗಾಗಿ ಬರವಣಿಗೆ ಉಳಿಯುತ್ತದೆ. ಬಲಬದಿಯ ನೋಟವೂ ಸಾಮಾನ್ಯವಾಗಿ ಮಾಯ. ವಿಜಯನಗರ ಮೆಟ್ರೊದ ಬೋರ್ಡು ಇದ್ದಕ್ಕಿದ್ದಂತೆ ಬರೀ ಗೀಚಾಗಿ ಕಂಡರೆ ‘ಕನ್ನಡಕದ ನಂಬರ್ ಬದಲಾಯ್ತು’ ಅಂದುಕೊಂಡು ಆಪ್ಟಿಕಲ್ಸ್ ಹುಡುಕಿ ಹೋಗುವವರೇ ಹೆಚ್ಚೇನೋ! ಬೇಡ, 108ಕ್ಕೆ ಫೋನ್ ಮಾಡಿ. ರಕ್ತನಾಳದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗಿನ ಮಾತು.

ಈಗ ನೋಡಿ ಸೋಜಿಗ. ಅಂಥವರ ಬೆರಳು ಹಿಡಿದು ‘ಬ’ ಅಕ್ಷರದ ಮೇಲೆ ಆಡಿಸಿ, ಅಕ್ಕಿಯ ತಟ್ಟೆಯಲ್ಲಿ ಮಗುವಿಗೆ ತಿದ್ದಿಸುವಂತೆ. ತಟ್ಟನೆ ‘ಬ!’ ಎನ್ನುವವರಿದ್ದಾರೆ. ಕಣ್ಣಿನ ದಾರಿ ಮುಚ್ಚಿದ್ದರೇನು, ಬೆರಳಿನ ಚಲನೆ ಬೇರೆ ದಾರಿಯಲ್ಲಿ ಭಾಷೆಯ ಮನೆ ಹೊಕ್ಕಿತು! ಚಿಕಿತ್ಸಕರು ಇದನ್ನೇ ಅಭ್ಯಾಸ ಮಾಡಿಸುತ್ತಾರೆ: ಅಂಗೈಯಲ್ಲಿ ಬರೆ, ಗಾಳಿಯಲ್ಲಿ ಬರೆ, ಆಮೇಲೆ ಹೇಳು. ನಿಧಾನ, ಬಲು ನಿಧಾನ. ಒಂದು ಸಾಲಿಗೆ ಬೆವರಿಳಿಯುತ್ತದೆ, ‘ರಾಷ್ಟ್ರ’ದಂಥ ಪದ ಬಂದರಂತೂ ಕೇಳಲೇಬೇಡಿ.

ಕೆನಡಾದ ಪತ್ತೇದಾರಿ ಕಾದಂಬರಿಕಾರ ಹೊವರ್ಡ್ ಎಂಗೆಲ್ ಇನ್ನೂ ಒಂದು ಹೆಜ್ಜೆ ಮುಂದೆ. 2001ರ ಒಂದು ಬೆಳಿಗ್ಗೆ ದಿನಪತ್ರಿಕೆ ಯಾವುದೋ ಪರದೇಶದ ಲಿಪಿಯಂತೆ ಕಂಡಿತು. ಅಕ್ಷರಗಳನ್ನು ಬೆರಳಿನಲ್ಲಿ ತಿದ್ದುತ್ತಾ ಹೋದವರು ಕಡೆಗೆ ನಾಲಿಗೆಯ ತುದಿಯಿಂದಲೇ ಬಾಯೊಳಗೆ ಬರೆದು ಓದತೊಡಗಿದರು. ನಾಲಿಗೆಯಿಂದ! 2005ರಲ್ಲಿ ಹೊಸ ಕಾದಂಬರಿಯೇ ಬಂತು. ಅದರಲ್ಲಿ ಅವರ ಪತ್ತೇದಾರ ಬೆನ್ನಿ ಕೂಪರ್‌ಮನ್ ತಲೆಗೆ ಏಟು ಬಿದ್ದು ಆಸ್ಪತ್ರೆಯಲ್ಲಿದ್ದಾನೆ, ಓದು ಬಾರದು, ಆದರೂ ತನ್ನ ತಲೆಗೆ ಹೊಡೆದವರ ಪತ್ತೆಗೆ ಹೊರಟಿದ್ದಾನೆ.