ಪ್ಲಾಸ್ಟರ್ ಹಾಕಿದ್ದು ಅರ್ಧ ತಾಸು, ಉಳಿದ ಆರು ವಾರ ಮನೆಯವರದು

ಶಹಾಬಾದ್ ಖಣಿಯಲ್ಲಿ ಪರಸಿ ಎಬ್ಬಿಸುವುದನ್ನು ನೋಡಿದವರಿಗೆ ಕಾಲಿನ ಎಲುಬು ಯಾಕೆ ಮುರಿಯುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಪದರು ಪದರಾಗಿ ಏಳುವ ಸುಣ್ಣದಕಲ್ಲು. ಹಾರೆಯಿಂದ ಮೀಟಿದ ಹಾಸು ಒಂದು ಗೇಣು ಜಾರಿದರೂ ಕೆಳಗೆ ಸಿಗುವುದು ಪಾದವೇ. ಇದೇ ಸುಣ್ಣದಕಲ್ಲನ್ನು ನಂಬಿ ವಾಡಿ, ಸೇಡಂ, ಮಳಖೇಡ, ಚಿಂಚೋಳಿ ಕಡೆ ಸಿಮೆಂಟ್ ಕಾರ್ಖಾನೆಗಳು ನಿಂತಿವೆ. ಅವುಗಳ ಲಾರಿಗಳು ಓಡುವ ರಸ್ತೆಯಲ್ಲೇ ನಮ್ಮ ಹುಡುಗರ ಬೈಕುಗಳೂ ನುಗ್ಗುತ್ತವೆ. ಮನೆಯ ನೆಲಕ್ಕೂ ಅದೇ ಪರಸಿ. ಬಚ್ಚಲ ಬಾಗಿಲಲ್ಲಿ ನೀರು ಚೆಲ್ಲಿದ್ದರೆ ಮುದುಕಿಯ ಸೊಂಟಕ್ಕೆ ಅದೇ ಸಾಕು.

ಮುರಿದ ಮೇಲಿನ ಓಡಾಟ ಎಲ್ಲರಿಗೂ ಗೊತ್ತು. 108ಕ್ಕೆ ಫೋನು, ತಾಲ್ಲೂಕು ಆಸ್ಪತ್ರೆ, ದೊಡ್ಡ ಮುರಿತವಾದರೆ ಕಲಬುರಗಿ. ಚಿಂಚೋಳಿಯವರಿಗೆ ಅದು 80 ಕಿ.ಮೀ. ಆಸುಪಾಸಿನ ದಾರಿ. ಎಕ್ಸರೇ, ಪ್ಲಾಸ್ಟರ್, ಮಾತ್ರೆ ಚೀಟಿ, ಮುಂದಿನ ತಾರೀಖು. ಅಲ್ಲಿಗೆ ಡಾಕ್ಟರ ಕೆಲಸ ಬಹುಪಾಲು ಮುಗಿಯಿತು. ಆಮೇಲಿನದು ಶುಶ್ರೂಷೆ, ಅದು ಹೆಂಡತಿ, ಸೊಸೆ, ತಾಯಿಯ ಪಾಲಿಗೆ ಬರುತ್ತದೆ. ಅದನ್ನು ಅವರಿಗೆ ಕೂರಿಸಿಕೊಂಡು ಹೇಳಿಕೊಡುವವರು ಕಡಿಮೆ.

ಮೊದಲ ಎರಡು ದಿನವೇ ನಾಜೂಕು. ಪ್ಲಾಸ್ಟರ್ ಕೆಲವೇ ನಿಮಿಷಗಳಲ್ಲಿ ಬಿಗಿಯುತ್ತದೆ, ಬಿಗಿಯುವಾಗ ಬಿಸಿಯಾಗುತ್ತದೆ. ಆದರೆ ಒಳಗೆ ಪೂರಾ ಒಣಗಲು ಒಂದೆರಡು ದಿನ ಬೇಕು. ಅನುಭವಿ ಸಿಸ್ಟರ್ ಹಸಿ ಪ್ಲಾಸ್ಟರಿನ ಕಾಲನ್ನು ಅಂಗೈ ಅಗಲಿಸಿ ಎತ್ತುತ್ತಾರೆ, ಬೆರಳ ತುದಿಯಿಂದಲ್ಲ. ಬೆರಳೊತ್ತಿದಲ್ಲಿ ಬಿದ್ದ ತಗ್ಗು ಹಾಗೇ ಗಟ್ಟಿಯಾಗಿ ಒಳಗಿನ ಚರ್ಮವನ್ನು ಒತ್ತುತ್ತದೆ. ವಾರ ಕಳೆದು ನಾತ ಬಂದಾಗಲೇ ಹುಣ್ಣು ಗೊತ್ತಾಗುವುದು. ಕಾಲನ್ನು ದಿಂಬಿನ ಮೇಲೆ ಎದೆಗಿಂತ ಎತ್ತರ ಇಡಬೇಕು, ಬಾವು ಇಳಿಯುತ್ತದೆ. ಹೊರಗೆ ಕಾಣುವ ಬೆರಳುಗಳನ್ನು ತಾಸಿಗೊಮ್ಮೆ ಆಡಿಸುತ್ತಿರಬೇಕು.

ಉಗುರು ಒತ್ತಿ ಬಿಡಿ: ಬೆಳ್ಳಗಾದದ್ದು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ಬಣ್ಣ ಕಪ್ಪಿಟ್ಟರೆ, ಮಾತ್ರೆಗೂ ಬಗ್ಗದ ನೋವು ಏರುತ್ತಲೇ ಹೋದರೆ ಒಳಗೆ ರಕ್ತ ಓಡುತ್ತಿಲ್ಲವೆಂದೇ ತಿಳಿಯಬೇಕು. ಸ್ನಾಯು ಸಾಯಲು ಆರು ತಾಸು ಸಾಕು. “ಯಕ್ಕಾ, ಹಿಂಗ್ ಆದ್ರ ಬೆಳಗಾಗೂ ತನಕ ಕಾಯಬ್ಯಾಡ್ರಿ, ರಾತ್ರೀನೇ ಬರ್ರಿ” ಎಂಬ ಒಂದು ಮಾತನ್ನು ಡಿಸ್ಚಾರ್ಜಿಗೆ ಮುಂಚೆ, ರೋಗಿಯ ಉಗುರು ಒತ್ತಿ ತೋರಿಸಿ, ಮನೆಯ ಹೆಣ್ಣುಮಗಳಿಗೆ ಹೇಳಿದರೆ ಎಷ್ಟೋ ಕಾಲು ಉಳಿದಾವು.

ಎಲುಬು ಕಟ್ಟುವವರ ಬಗ್ಗೆ ಮೂಗು ಮುರಿಯುವುದು ಸುಲಭ. ಅವರು ಹತ್ತಿರ ಇರುತ್ತಾರೆ, ಕಡಿಮೆ ಕೇಳುತ್ತಾರೆ, ನಮ್ಮ ಮಾತಿನಲ್ಲೇ ಮಾತಾಡುತ್ತಾರೆ. ಆದರೆ ಬಿದಿರ ಸೀಳು ಇಟ್ಟು ಬಿಗಿದ ಕಟ್ಟಿನ ಕೆಳಗೂ ಇದೇ ಉಗುರಿನ ಪರೀಕ್ಷೆ ನಡೆಯಬೇಕು. ಬಿಗಿ ಹೆಚ್ಚಾಗಿ ಬೆರಳು ಕೊಳೆತು ಕಾಲೇ ತೆಗೆಯಬೇಕಾಗಿ ಬರುವುದುಂಟು. ಎಲುಬು ಚರ್ಮ ಹರಿದು ಹೊರಬಂದಿದ್ದರಂತೂ ಎಣ್ಣೆ, ಸೊಪ್ಪು ಯಾವುದೂ ಬೇಡ. ಶುದ್ಧ ಬಟ್ಟೆ ಮುಚ್ಚಿ ನೇರ ಆಸ್ಪತ್ರೆ.

ಕಲಬುರಗಿ ಸೀಮೆಯ ಮೇ ತಿಂಗಳಲ್ಲಿ ಪ್ಲಾಸ್ಟರಿನೊಳಗಿನ ತುರಿಕೆ ಅನುಭವಿಸಿದವರಿಗೇ ಗೊತ್ತು. ಕಡ್ಡಿ, ಸ್ಕೇಲು, ಸ್ವೆಟರ್ ಸೂಜಿ ತೂರಿಸುವ ಚಪಲ ಸಹಜ. ಗಾಯವಾದರೆ ಕಣ್ಣಿಗೆ ಕಾಣದು, ಕೀವು ತುಂಬುತ್ತದೆ. ಫ್ಯಾನಿನ ಗಾಳಿಗೆ ಕೂತುಕೊಳ್ಳಿ, ಪ್ಲಾಸ್ಟರಿನ ಮೇಲಿಂದ ಮೆಲ್ಲಗೆ ತಟ್ಟಿ, ಅಷ್ಟೇ.

ಸೊಂಟದ ಎಲುಬು ಮುರಿದ ಮುದುಕರದು ಬೇರೆಯೇ ಕತೆ. ಅವರನ್ನು ಕೊಲ್ಲುವುದು ಮುರಿತಕ್ಕಿಂತ ಹಾಸಿಗೆ. ಬೆನ್ನ ಕೆಳಗಿನ ಹುಣ್ಣು, ಕಫ ಕಟ್ಟಿದ ಎದೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ. ಅದಕ್ಕೇ ಆಪರೇಷನ್ ಬೇಗ ಮಾಡಿಸಿ ಎಂದು ಡಾಕ್ಟರು ಅವಸರಪಡಿಸುವುದು; ವಯಸ್ಸಾಯಿತೆಂದು ಹಿಂಜರಿಯುವವರು ಮನೆಯವರು. ಮಲಗಿರುವಷ್ಟು ದಿನ ಎರಡು ತಾಸಿಗೊಮ್ಮೆ ಡಾಕ್ಟರು ತೋರಿಸಿದ ರೀತಿಯಲ್ಲಿ ಮಗ್ಗುಲು ಬದಲಿಸಬೇಕು, ಹಾಸಿಗೆ ಒಣಗಿರಬೇಕು, ಉಸಿರು ಆಳವಾಗಿ ಎಳೆಸಬೇಕು.

ಊಟದ ಮಾತು ಬಂದರೆ ನಗು ಬರುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ತೊಗರಿಯ ಸೀಮೆ ಇದು; ಇಲ್ಲೇ “ಬ್ಯಾಳಿ ತಿಂದ್ರ ಕೀವಾಗ್ತದ” ಎಂದು ರೋಗಿಗೆ ಬರೀ ಗಂಜಿ ಕೊಡುವ ಮನೆಗಳಿವೆ. ಎಲುಬು ಕೂಡಲು ಬೇಕಾದದ್ದೇ ಬೇಳೆ, ತತ್ತಿ, ಹಾಲು, ಜ್ವಾರಿ ರೊಟ್ಟಿಯ ಜೊತೆ ಸೊಪ್ಪು. ಬಿಡಬೇಕಾದ್ದು ಬೀಡಿ, ಅದು ಎಲುಬು ಕೂಡುವುದನ್ನೇ ತಡಮಾಡುತ್ತದೆ.

ಪ್ಲಾಸ್ಟರ್ ಬಿಚ್ಚಿದಾಗ ಕಾಲು ಸಣಕಲಾಗಿ, ಕೀಲು ಬಿಗಿದು, ಹೊಟ್ಟೆದ್ದಿರುತ್ತದೆ. ಬೆಚ್ಚನೆ ನೀರು, ಎಣ್ಣೆ, ದಿನವೂ ವ್ಯಾಯಾಮ. ಪೂರ್ತಿ ಭಾರ ಹಾಕುವುದು ಡಾಕ್ಟರು ಹೇಳಿದ ಮೇಲೆ. ಆದರೆ ಕೂಲಿ ನಿಂತ ಮನೆ ಅಷ್ಟು ಕಾಯುವುದಿಲ್ಲ. ಇಎಸ್‌ಐ ಕಾರ್ಡಿರುವ ಕಾರ್ಮಿಕನಿಗೆ ಕೆಲಸದಲ್ಲಾದ ಗಾಯಕ್ಕೆ ಗುಣವಾಗುವ ತನಕ ಕೂಲಿಯ ಶೇ 90ರಷ್ಟು ಸಿಗುತ್ತದೆ, ಕಲಬುರಗಿಯ ಸೇಡಂ ರಸ್ತೆಯಲ್ಲೇ ಇಎಸ್‌ಐ ಆಸ್ಪತ್ರೆಯೂ ಇದೆ. ಗುತ್ತಿಗೆದಾರ ಹೆಸರು ನೋಂದಾಯಿಸಿದ್ದರೆ ಗುತ್ತಿಗೆಯವನಿಗೂ ಅಷ್ಟೇ ಹಕ್ಕು. ಪರಸಿ ಖಣಿಯ ದಿನಗೂಲಿಗಳಲ್ಲಿ ಎಷ್ಟೋ ಜನರಿಗೆ ಆ ಕಾರ್ಡೇ ಇಲ್ಲ. ಎಲುಬು ಪೂರಾ ಗಟ್ಟಿಯಾಗುವ ಮೊದಲೇ ಹಾರೆ ಹಿಡಿಯುವವರು ಅವರೇ.