ಒಂದೇ ಎಲೆ ಸಾಕು

ಪಿ.ಜಿ. ಕೋಣೆಯಲ್ಲಿ ಗಿಡ ಬೆಳೆಸುವ ಆಸೆಯಿದೆ, ಆದರೆ ಬಿಸಿಲಿಲ್ಲ, ಜಾಗವಿಲ್ಲ, ಜೇಬಲ್ಲಿ ಕಾಸೂ ಇಲ್ಲ ಎನ್ನುವವರಿಗೆ ಸ್ನೇಕ್ ಪ್ಲಾಂಟ್ ಹೇಳಿ ಮಾಡಿಸಿದ್ದು. ನರ್ಸರಿಗೆ ಹೋಗಬೇಕಿಲ್ಲ. ಗಿಡವಿರುವ ಮನೆಯಿಂದ ಬಲಿತ ಒಂದು ಎಲೆ ಕೇಳಿ ತನ್ನಿ.

ಎಲೆಯನ್ನು 3 ಇಂಚಿನ ತುಂಡುಗಳಾಗಿ ಕತ್ತರಿಸಿ. ಪ್ರತಿ ತುಂಡಿನ ಬುಡ ಯಾವುದೆಂದು ಪೆನ್ನಿನಲ್ಲಿ ಗುರುತು ಹಾಕಿ; ತಲೆಕೆಳಗಾಗಿ ನೆಟ್ಟರೆ ಬೇರು ಬಿಡದು. 2-3 ದಿನ ನೆರಳಲ್ಲಿಟ್ಟು ಕತ್ತರಿಸಿದ ಜಾಗ ಒಣಗಲು ಬಿಡಿ. ಆಮೇಲೆ ತಳಕ್ಕೆ ತೂತು ಮಾಡಿದ ಐಸ್‌ಕ್ರೀಂ ಡಬ್ಬಿಗೆ ಮಣ್ಣು, ಮರಳು ಸಮವಾಗಿ ತುಂಬಿ, ಒಂದು ಇಂಚು ಆಳಕ್ಕೆ ನೆಟ್ಟು, ಬೆಳಕಿರುವ ಕಿಟಕಿಯ ಬಳಿ ಇಡಿ. ಮಣ್ಣು ಒಣಗಿದ ಮೇಲಷ್ಟೇ ನೀರು. ಪ್ರೀತಿ ಹೆಚ್ಚಾಗಿ ದಿನಾ ಸುರಿದರೆ ಎಲೆ ಕೊಳೆಯುತ್ತದೆ.

ಹಳದಿ ಅಂಚಿನ ತಳಿಯಾದರೆ ಒಂದು ಮಾತು: ಎಲೆಯ ತುಂಡಿನಿಂದ ಹುಟ್ಟುವ ಮರಿಗೆ ಆ ಅಂಚು ಬರುವುದಿಲ್ಲ. ಅಂಚೇ ಬೇಕಿದ್ದರೆ ಬುಡದ ಮರಿಯನ್ನು ಬೇರುಸಮೇತ ಬಿಡಿಸಿ ನೆಡಬೇಕು. ಎಲೆ ತಿಂದರೆ ಬೆಕ್ಕು, ನಾಯಿಗಳಿಗೆ ವಾಂತಿಯಾಗುವುದರಿಂದ ಅವಕ್ಕೆ ಎಟುಕದಂತೆ ಇಡಿ.

ಉಳಿದದ್ದು ಕಾಯುವ ಕೆಲಸ. ಬೇರಿಗೆ ಒಂದೆರಡು ತಿಂಗಳು, ಮರಿ ಮೇಲೆ ಬರಲು ಇನ್ನೂ ಕೆಲವು ತಿಂಗಳು. ಅಲ್ಲಿಯವರೆಗೆ ಎಲೆ ನೆಟ್ಟ ದಿನದಂತೆಯೇ ನಿಂತಿರುತ್ತದೆ. ಏನಾಯಿತೆಂದು ಕಿತ್ತು ನೋಡಿದರೆ ಎಳೆ ಬೇರು ತುಂಡಾಗುತ್ತದೆ.

ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ನನ್ನನ್ನೂ ಸಿಕ್ಕವರೆಲ್ಲ ‘ಏನಾದ್ರೂ ಆಯ್ತಾ?’ ಎಂದು ಕೇಳುತ್ತಾರೆ. ಮೊದಲೆಲ್ಲ ಮುಖ ತಪ್ಪಿಸುತ್ತಿದ್ದೆ. ಈಗ ನಗುತ್ತಲೇ ಹೇಳುತ್ತೇನೆ, ‘ಬೇರು ಬಿಡ್ತಾ ಇದೆ, ಕೀಳಬೇಡಿ!’